ನನ್ ಪಾಲಿಗೆ ಸಿಕ್ಕಿದ್ದು ಮೂರೇ ಇನ್ನಿಂಗ್ಸ್

ಇದು ಬುಧವಾರ ಸಂಜೆ ಐದು ಗಂಟೆ ಹೊತ್ತಿಗೆ ತೆಗ್ದಿದ್ದು. ಕ್ಯಾಮೆರಾ ಅಲ್ಲಾಡ್ತಿದೆ, ಸಾರಿ, ಒಂದ್ ಕೈಲಿ ಹೂವಿತ್ತು, ಇನ್ನೊಂದ್ ಕೈಲಿ ಫೋನು. ಸಾಲದ್ದಕ್ಕೆ ಮೈಕ್ ಸರಿಯಾಗಿ ಸಿಗಿಸಿರ್ಲಿಲ್ಲ ಅನ್ಸುತ್ತೆ, ಮನೆಗ್ ಬಂದ್ ನೋಡಿದ್ರೆ ಗಾಳಿ ಶಬ್ದ ಬಿಟ್ರೆ ಇನ್ನೇನೂ ರೆಕಾರ್ಡ್ ಆಗಿಲ್ಲ. ಅದಕ್ಕೇ ಈಗ ವಾರ್ಡ್‌ರೋಬ್ ಪಕ್ಕ ಕೂತ್ಕೊಂಡು ವಾಯ್ಸ್ ಓವರ್ ಕೊಡ್ತಿದೀನಿ. ಬೇಸ್‌ಬಾಲ್ ಕಾಮೆಂಟ್ರಿ ಹೇಳ್ತಿದ್ದ ವಿನ್ ಸ್ಕಲ್ಲಿ ಅನ್ನೋ ರೇಡಿಯೋ ಮನುಷ್ಯನ ಬಗ್ಗೆ ವ್ಲಾಗ್ ಮಾಡಕ್ಕೆ ಹೋಗಿ ಆಡಿಯೋನೇ ಕಳ್ಕೊಂಡ್ ಬಂದ ಪುಣ್ಯಾತ್ಮ ನಾನೊಬ್ನೇ ಇರ್ಬೇಕು.

ಹಿಂದೆ ಕಾಣ್ತಿರೋದು ಲಾಸ್ ಏಂಜಲಿಸ್‌ನ ಸನ್‌ಸೆಟ್ ಬೂಲವಾರ್ಡ್. ಅಲ್ಲಿಂದ ಬೆಟ್ಟದ ಕಡೆ ಹತ್ತೋ ಈ ರಸ್ತೆ ನೇರ ಇಲ್ಲಿನ ಬೇಸ್‌ಬಾಲ್ ಟೀಮ್ ಡಾಡ್ಜರ್ಸ್‌ನ ಡಾಡ್ಜರ್ ಸ್ಟೇಡಿಯಂಗೆ ಹೋಗುತ್ತೆ, ಬೋರ್ಡಲ್ಲಿ ಹೆಸರು ಏನಿದೆ ನೋಡಿ, ವಿನ್ ಸ್ಕಲ್ಲಿ ಅವೆನ್ಯೂ. 2016ರಲ್ಲಿ ಅವ್ರು ಇನ್ನೂ ಕೆಲಸದಲ್ಲಿದ್ದಾಗ್ಲೇ ಇಟ್ಟ ಹೆಸರು. ಆ ಹೆಸರಿನೋರು ಹಿಂದಿನ ದಿನ, ಅಂದ್ರೆ 2022 ಆಗಸ್ಟ್ 2ನೇ ತಾರೀಕು ತೀರ್ಕೊಂಡ್ರು, ವಯಸ್ಸು 94.

ಬೇಸ್‌ಬಾಲ್ ಗೊತ್ತಿಲ್ದೋರಿಗೆ ಒಂದ್ ಮಾತು ಹೇಳ್ಬಿಡ್ತೀನಿ, ಇವ್ರು ಪ್ಲೇಯರ್ ಅಲ್ಲ, ಕೋಚ್ ಅಲ್ಲ, ಓನರ್ ಅಲ್ಲ. ಡಾಡ್ಜರ್ಸ್ ಪರವಾಗಿ ಒಂದ್ ಬಾಲೂ ಹೊಡ್ದಿಲ್ಲ. ಕಾಮೆಂಟ್ರಿ ಹೇಳ್ತಿದ್ರು ಅಷ್ಟೇ. ಆದ್ರೆ ಎಷ್ಟ್ ವರ್ಷ ಅಂತೀರಾ, 67 ಸೀಸನ್, ಒಂದೇ ಟೀಮಿಗೆ. ನಮ್ ಇಂಡಿಯಾ ರಿಪಬ್ಲಿಕ್ ಆದ ವರ್ಷ 1950ರಲ್ಲಿ, ಟೀಮ್ ಇನ್ನೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ, 22 ವರ್ಷದ ಹುಡ್ಗ ಮೈಕ್ ಮುಂದೆ ಕೂತಿದ್ದು, 1958ರಲ್ಲಿ ಟೀಮ್ ಗಂಟುಮೂಟೆ ಕಟ್ಕೊಂಡು ಲಾಸ್ ಏಂಜಲಿಸ್‌ಗೆ ಬಂದಾಗ ಜೊತೆಗೇ ಬಂದು, 2016ರಲ್ಲಿ ಎದ್ದಿದ್ದು. ಅದೂ ಪಕ್ಕದಲ್ಲಿ ಇನ್ನೊಬ್ಬ ಎಕ್ಸ್‌ಪರ್ಟ್ ಇಲ್ದೆ, ಒಬ್ರೇ. ಪಕ್ಕದಲ್ಲಿ ಜನ ಇದ್ರೆ ಅವ್ರ ಜೊತೆ ಮಾತಾಡ್ತೀವಿ, ಇಲ್ದಿದ್ರೆ ಕೇಳೋರ ಜೊತೆ ಮಾತಾಡ್ತೀವಿ ಅನ್ನೋ ಲೆಕ್ಕ.

ಈಗ ನನ್ ಕಥೆ. 2013ರಲ್ಲಿ ನಾನು ಇಲ್ಲಿಗೆ ಬಂದಿದ್ದು. ಆಫೀಸು ಬರ್ಬ್ಯಾಂಕ್‌ನಲ್ಲಿ, ಮನೆ ನಾರ್ವಾಕ್‌ನಲ್ಲಿ, ಮಧ್ಯದಲ್ಲಿ ಐದನೇ ನಂಬರ್ ಫ್ರೀವೇ. ಅದನ್ನ ಫ್ರೀವೇ ಅಂತ ಯಾಕ್ ಕರೀತಾರೋ ದೇವ್ರಿಗೇ ಗೊತ್ತು, ಸಿಲ್ಕ್ ಬೋರ್ಡ್ ನೋಡಿ ಬಂದೋನಿಗೂ ಕಣ್ಣಲ್ಲಿ ನೀರ್ ಬರ್ಸುತ್ತೆ. ಸಂಜೆ ಏಳಕ್ಕೆ ಆಫೀಸ್ ಬಿಡ್ತಿದ್ದೆ, ಮ್ಯಾಚ್ 7:10ಕ್ಕೆ ಶುರು. ನನ್ ಹಳೇ ಕಾರಲ್ಲಿ ಬ್ಲೂಟೂತ್ ಇಲ್ಲ, ಎಫ್ಎಮ್ ಕರಕರ ಅನ್ನೋದು, ಎಎಮ್ 570 ಒಂದೇ ನೀಟಾಗಿ ಬರ್ತಿತ್ತು. ಅಲ್ಲಿ ಒಂದ್ ಧ್ವನಿ, ಎಲ್ಲರಿಗೂ ನಮಸ್ಕಾರ, ನೀವೆಲ್ಲೇ ಇರಿ ನಿಮಗೊಂದು ಹಿತವಾದ ಸಂಜೆ ಸಿಗ್ಲಿ ಅನ್ನೋ ಥರ ಶುರು ಮಾಡೋದು. ನಾನ್ ಎಲ್ಲಿದೀನಿ, ಟ್ರಕ್ಕಿನ ಹಿಂದೆ ಗಂಟೆಗೆ ಎಂಟು ಮೈಲಿ ಸ್ಪೀಡಲ್ಲಿದೀನಿ. ಆದ್ರೂ ಏನೋ ಸಮಾಧಾನ ಆಗ್ತಿತ್ತು.

ಮುಂದಿನ್ ವರ್ಷದಿಂದ ಇನ್ನೊಂದ್ ರಾಮಾಯಣ ಶುರುವಾಯ್ತು. ಟೀಮಿಂದೇ ಹೊಸ ಚಾನೆಲ್ ಬಂತು, ಆ ಚಾನೆಲ್‌ಗೂ ಬೇರೆ ಕೇಬಲ್, ಡಿಶ್‌ನೋರಿಗೂ ದುಡ್ಡಿನ ಜಗಳ ಬಿತ್ತು, ಊರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಡಾಡ್ಜರ್ಸ್ ಮ್ಯಾಚೇ ಬರ್ತಿರ್ಲಿಲ್ಲ. ನಂಬ್ತೀರಾ, 65 ವರ್ಷದಿಂದ ಮಾತಾಡ್ತಿರೋ ಅಜ್ಜ, ಕೊನೇ ಮೂರು ಸೀಸನ್ನು, ಆ ಧ್ವನಿ ಅವ್ರ ಊರಿನೋರಿಗೇ ಕೇಳ್ಸಲ್ಲ. ಕೊನೇ ವಾರದ ಆರು ಮ್ಯಾಚ್ ಮಾತ್ರ ಫ್ರೀ ಚಾನೆಲ್ಲಲ್ಲಿ ಬಿಟ್ರು, ಏನೋ ತಿಥಿ ಊಟ ಹಾಕ್ದಂಗೆ. ಇವತ್ತಿಗೂ ನಂಗೆ ಆ ಸಿಟ್ಟು ಇಳ್ದಿಲ್ಲ. ನಮ್ಮನೇಲೂ ಬರ್ತಿರ್ಲಿಲ್ಲ, ಸೋ ನಂಗೆ ಸಿಕ್ಕಿದ್ದು ರೇಡಿಯೋ ಒಂದೇ. ಆದ್ರೆ ರೇಡಿಯೋದಲ್ಲಿ ಸ್ಕಲ್ಲಿ ಬರ್ತಿದ್ದಿದ್ದು ಮೊದ್ಲ ಮೂರು ಇನ್ನಿಂಗ್ಸ್ ಮಾತ್ರ, ಆಮೇಲೆ ಅವ್ರು ಟೀವಿಗಷ್ಟೇ, ರೇಡಿಯೋಗೆ ಬೇರೆಯೋರು ಬರೋರು. ಮ್ಯಾಚಲ್ಲಿ ಒಂಬತ್ತು ಇನ್ನಿಂಗ್ಸ್ ಇರುತ್ತೆ, ಮೂರು ಔಟ್ ಆದ್ರೆ ಆ ಕಡೆಯೋರು, ಇನ್ನ್ ಮೂರು ಔಟ್ ಆದ್ರೆ ಈ ಕಡೆಯೋರು, ಹೀಗೆ. ಮೂರು ಇನ್ನಿಂಗ್ಸ್‌ಗೆ ಹತ್ರತ್ರ ಒಂದ್ ಗಂಟೆ ಹಿಡಿಯುತ್ತೆ. ನನ್ ಪ್ರಯಾಣನೂ ಒಂದ್ ಗಂಟೆ. ಅಂದ್ರೆ ಆ ಧ್ವನಿ ನನ್ನ ಮನೆವರೆಗೂ ಬಿಟ್ಟು ಹೋಗ್ತಿತ್ತು, ಸ್ಕೂಲ್ ಆಟೋ ಅಂಕಲ್ ಥರ.

ಒಂದೊಂದ್ ಸಲ ಮನೆ ಕೆಳಗಡೆ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಸಿ, ಮೂರನೇ ಇನ್ನಿಂಗ್ಸ್ ಮುಗೀಲಿ ಅಂತ ಕೂತಿರ್ತಿದ್ದೆ. ಹೆಂಡ್ತಿ ಫೋನ್ ಮಾಡೋಳು, ಎಲ್ಲಿದೀರಾ ಅಂತ. ಕೆಳಗೇ ಇದೀನಿ ಅಂತಿದ್ದೆ. ಕೆಳಗೇ ಇದ್ರೆ ಮೇಲ್ ಬರಕ್ಕೆ ಏನ್ ಪೆಟ್ರೋಲ್ ಬೇಕಾ ಅನ್ನೋಳು.

ಇಲ್ಲಿ ಸ್ವಲ್ಪ ಪಾಜ್ ಮಾಡ್ತೀನಿ, ನೋಡಿ, ಬೋರ್ಡ್ ಕೆಳಗೆ. ಮೇಣದಬತ್ತಿಗಳು, ನೀಲಿ ಟೋಪಿ, ಬಿಳಿ ಹೂವು, ಕಡ್ಲೆಕಾಯಿ ಪ್ಯಾಕೆಟ್ಟು, ಆ ಕಡ್ಲೆಕಾಯಿ ಸ್ಟೇಡಿಯಂನಲ್ಲಿ ಎಲ್ರೂ ತಿನ್ನೋದು. ಇದನ್ನ ಝೂಮ್ ಮಾಡ್ದೆ, ಅಂಗೈಯಷ್ಟು ಟ್ರಾನ್ಸಿಸ್ಟರ್, ಹಳೇದು, ಕಂದು ಚರ್ಮದ ಕವರ್ರು, ಸ್ಪೀಕರ್ ಜಾಗದಲ್ಲಿ ಸಣ್ ಸಣ್ ತೂತು, ಆಂಟೆನಾ ಮುರ್ದು ಅಲ್ಲಿಗೆ ಒಂದ್ ತಂತಿ ಸುತ್ತಿದಾರೆ. ಥೇಟ್ ನಮ್ಮಪ್ಪಂದೇ. ಅಪ್ಪಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿತ್ತು, ಸೆಲ್ ಕವರ್ ಬೀಳ್ತಿತ್ತಲ್ಲ ಅದಕ್ಕೆ.

ಟ್ರಾನ್ಸಿಸ್ಟರ್ ಯಾಕೆ ಅಂದ್ರೆ ಅದೊಂದ್ ಕಥೆ. ಟೀಮ್ ಇಲ್ಲಿಗ್ ಬಂದಾಗ ಸ್ವಂತ ಸ್ಟೇಡಿಯಂ ಇರ್ಲಿಲ್ಲ, ನಾಲ್ಕು ವರ್ಷ ಕೊಲೀಸಿಯಂನಲ್ಲಿ ಆಡಿದ್ರು. ಅದು 90 ಸಾವಿರಕ್ಕೂ ಜಾಸ್ತಿ ಜನ ಹಿಡಿಯೋ ಜಾಗ, ಹಿಂದ್ಗಡೆ ಸೀಟಲ್ಲಿ ಕೂತ್ರೆ ಪ್ಲೇಯರ್ ಇರುವೆ ಥರ ಕಾಣೋನು. ಅದಕ್ಕೆ ಜನ ಮ್ಯಾಚಿಗೇ ರೇಡಿಯೋ ತರಕ್ ಶುರು ಮಾಡಿದ್ರು, ಕಣ್ಣೆದುರಿಗೆ ಆಗ್ತಿರೋದನ್ನ ಸ್ಕಲ್ಲಿ ಬಾಯಲ್ಲಿ ಕೇಳಿದ್ರೇನೇ ಆಗಿದ್ದು ನಿಜ. ಒಂದ್ ದಿನ ಅಂಪೈರ್ ಒಬ್ರ ಬರ್ತ್‌ಡೇ, ಫ್ರ್ಯಾಂಕ್ ಸೆಕೋರಿ ಅಂತ. ಸ್ಕಲ್ಲಿ ರೇಡಿಯೋದಲ್ಲಿ ಒನ್ ಟೂ ತ್ರೀ ಅಂತಾರೆ, ಇಡೀ ಸ್ಟೇಡಿಯಂ ಹ್ಯಾಪಿ ಬರ್ತ್‌ಡೇ ಅಂತ ಕಿರುಚುತ್ತೆ. ಪಾಪ ಆ ಅಂಪೈರು, ಅವ್ರ ಕೈಲಿ ರೇಡಿಯೋ ಇಲ್ಲ ನೋಡಿ, ಇದೆಲ್ಲಿಂದ ಬಂತು ಅಂತ ಸುತ್ತ ನೋಡ್ಬೇಕು.

ಹೂವಿಟ್ಟು ನಿಂತಿದ್ದಾಗ ಪಕ್ಕದಲ್ಲಿ ಒಬ್ರು ಆಂಟಿ, ಮೆಕ್ಸಿಕನ್ ಕುಟುಂಬದೋರು, ಮಾತಿಗ್ ಬಂದ್ರು. ಅವ್ರ ಮನೇಲಿ ಎರಡ್ ರೇಡಿಯೋ ಇತ್ತಂತೆ. ಅಡ್ಗೆಮನೇಲಿ ಅಮ್ಮಂಗೆ ಸ್ಪ್ಯಾನಿಷ್ ಕಾಮೆಂಟ್ರಿ, ಹೈಮೆ ಹರೀನ್ ಅವ್ರದು, ಅವ್ರೂ 1959ರಿಂದ 2022ರವರೆಗೂ ಹೇಳ್ತಿದ್ದೋರು. ಹಾಲಲ್ಲಿ ಅಪ್ಪಂಗೆ ಸ್ಕಲ್ಲಿ. ಅಪ್ಪ ಇಂಗ್ಲಿಷ್ ಕಲ್ತಿದ್ದೇ ಅದ್ರಲ್ಲಿ ಅಂದ್ರು. ಆ ಮಾತು ಕೇಳಿ ನಂಗೆ ನಗು ಬಂತು, ನಂದೂ ಅದೇ ಕೇಸು. ಇಂಗ್ಲಿಷ್ ಬರ್ತಿತ್ತು, ಆದ್ರೆ ನಿಧಾನವಾಗಿ ಮಾತಾಡಕ್ಕೆ ಬರ್ತಿರ್ಲಿಲ್ಲ. ಮೀಟಿಂಗಲ್ಲಿ ಎಲ್ಲಿ ಮಧ್ಯ ಬಾಯಿ ಹಾಕ್ತಾರೋ ಅಂತ ಉಸಿರು ಬಿಡ್ದೆ ಬಡಬಡ ಹೇಳಿ ಮುಗಿಸ್ತಿದ್ದೆ.

2015ರಲ್ಲಿ ಅಪ್ಪ ಬಂದಿದ್ರು ಹಾಸನದಿಂದ. ಕಾರಲ್ಲಿ ಹತ್ತು ನಿಮಿಷ ಕೇಳಿ, ಯಾರೋ ಈ ಯಜಮಾನ್ರು, ಇದೇನ್ ಟೆಸ್ಟ್ ಮ್ಯಾಚಾ ಅಂದ್ರು. ಆಟ ಒಂದ್ ಚೂರೂ ಅರ್ಥ ಆಗಿಲ್ಲ ಅವ್ರಿಗೆ. ಆದ್ರೆ ನಾನು ಸ್ಟೇಷನ್ ಬದಲಾಯ್ಸಕ್ಕೆ ಹೋದ್ರೆ, ಇರ್ಲಿ ಬಿಡೋ, ಚೆನ್ನಾಗಿ ಹೇಳ್ತಿದಾರೆ ಅಂದ್ರು.

ಏನ್ ಹೇಳ್ತಿದ್ರು ಅಂದ್ರೆ, ಕಥೆ. ಬೌಲರ್ ಇಲ್ಲಿ ಪಿಚರ್, ಅವ್ನು ಬಾಲ್ ಎಸ್ದು ಮತ್ತೊಂದು ಎಸೆಯೋ ಮಧ್ಯ ಟೈಮ್ ಇರುತ್ತಲ್ಲ, ಅಷ್ಟ್ರೊಳಗೆ. ನಡುನಡುವೆ ಆ ಎಸೆತ ಏನಾಯ್ತು ಅಂತಾನೂ ಹೇಳ್ತಿದ್ರು, ಬಾಲ್, ಸ್ಟ್ರೈಕ್, ಫೌಲ್ ಅಂತ. ಸ್ಯಾನ್ ಫ್ರಾನ್ಸಿಸ್ಕೋ ಟೀಮಿನ ಬಮ್‌ಗಾರ್ನರ್ ಅಂತ ಒಬ್ಬ ಪಿಚರ್ರು, ಒಂದ್ ಸಲ ದೊಡ್ಡ ಹಾವು ಹೊಡೀತಾನೆ ಕೊಡ್ಲೀಲಿ. ಬಾಲ್. ಹಾವಿನ ಹೊಟ್ಟೇಲಿ ಮೊಲದ ಮರಿ. ಸ್ಟ್ರೈಕ್. ಒಂದ್ ಮರಿ ಇನ್ನೂ ಬದುಕಿದೆ, ಗಂಡ ಹೆಂಡ್ತಿ ಅದನ್ನ ಮನೆಗ್ ತಗೊಂಡ್ ಹೋಗಿ ಸಾಕ್ತಾರೆ. ಫೌಲ್. ಒಂದ್ ಬಾಲೂ ಮಿಸ್ ಆಗಲ್ಲ, ಮೊಲಾನೂ ಮಿಸ್ ಆಗಲ್ಲ. ಇನ್ನೊಂದ್ ಸಲ, 2012ರಲ್ಲಿ, ಕೊಲರಾಡೋ ಮ್ಯಾನೇಜರ್ ಅಂಪೈರ್ ಜೊತೆ ಜಗಳಕ್ಕೆ ನಿಂತು ಸಹಸ್ರನಾಮ ಶುರು ಮಾಡಿದ, ಸ್ಕಲ್ಲಿ ಅವ್ನ ತುಟಿ ನೋಡ್ಕೊಂಡು ಟ್ರಾನ್ಸ್‌ಲೇಟ್ ಮಾಡ್ತಿದಾರೆ, ಕೆಟ್ ಮಾತು ಬಂದ ಕಡೆಯೆಲ್ಲ ಗೊಬ್ಬರ, ಗೊಬ್ಬರ ಅಂತ. ಯೂಟ್ಯೂಬಲ್ಲಿದೆ, ನೋಡಿ, ನಕ್ಕೂ ನಕ್ಕೂ ಸುಸ್ತಾಗ್ತೀರ.

ಆದ್ರೆ ನಂಗೆ ಅವ್ರಲ್ಲಿ ಅತಿ ಇಷ್ಟ ಆಗಿದ್ದು ಮಾತಲ್ಲ, ಬಾಯಿ ಮುಚ್ಕೊಂಡಿರ್ತಿದ್ದಿದ್ದು. ಇದನ್ನ ಕಾಮೆಂಟ್ರಿಯೋರ ಬಗ್ಗೆ ಹೇಳಿದ್ರೆ ತಮಾಷೆ ಅನ್ಸುತ್ತೆ, ಗೊತ್ತು. 1974 ಏಪ್ರಿಲ್ 8, ಅಟ್ಲಾಂಟಾ. ಹ್ಯಾಂಕ್ ಆರನ್ ಅನ್ನೋ ಆಟಗಾರ 715ನೇ ಹೋಮ್ ರನ್, ಅಂದ್ರೆ ನಮ್ ಸಿಕ್ಸರ್ ಥರದ್ದು, ಹೊಡ್ದು ಹಳೇ ಕಾಲದ ಹೀರೋ ಬೇಬ್ ರೂತ್ ರೆಕಾರ್ಡ್ ಮುರೀತಾರೆ, ಅದೂ ಡಾಡ್ಜರ್ಸ್ ಪಿಚರ್ ಬಾಲಿಗೇ. ಆ ರೆಕಾರ್ಡ್ ಹತ್ರ ಹೋಗ್ತಿದಾರೆ ಅಂತ ಆರನ್‌ಗೆ ಎಂಥೆಂಥ ಬೆದರಿಕೆ ಪತ್ರ ಬರ್ತಿತ್ತು, ಕಪ್ಪು ಮನುಷ್ಯ ಅಂತ. ಸ್ಕಲ್ಲಿ ಏನ್ ಮಾಡಿದ್ರು ಗೊತ್ತಾ, ಬಾಲ್ ಹೋಯ್ತು ಅಂತ ಹೇಳಿ, ಹೆಡ್‌ಸೆಟ್ ಇಟ್ಟು, ಎದ್ದು ಹಿಂದೆ ಹೋಗ್ಬಿಟ್ರು. ರೇಡಿಯೋದಲ್ಲಿ ಬರೀ ಜನರ ಶಬ್ದ, ಪಟಾಕಿ ಶಬ್ದ. ಆಮೇಲೆ ಬಂದು ಕೂತು ಹೇಳ್ತಾರೆ, ಅಮೆರಿಕದ ಡೀಪ್ ಸೌತಲ್ಲಿ, ಅಂದ್ರೆ ಕಪ್ಪು ಜನರನ್ನ ದೂರ ಇಟ್ಟಿದ್ದ ದಕ್ಷಿಣದ ಸೀಮೇಲಿ, ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ತಿದಾರೆ ಅಂತ. ಆಟದ ಮಾತಲ್ಲ ಅದು, ಆದ್ರೆ ಆ ಹೊತ್ತಲ್ಲಿ ಬೇರೆ ಏನ್ ಹೇಳಿದ್ರೂ ಸಣ್ಣದಾಗ್ತಿತ್ತು.

1988ರ ವರ್ಲ್ಡ್ ಸೀರೀಸಲ್ಲೂ, ಅಂದ್ರೆ ಬೇಸ್‌ಬಾಲ್ ಫೈನಲಲ್ಲೂ, ಅಷ್ಟೇ. ಎರಡೂ ಕಾಲಿಗೆ ಪೆಟ್ಟಾಗಿದ್ದ ಡಾಡ್ಜರ್ಸ್ ಆಟಗಾರ ಕರ್ಕ್ ಗಿಬ್ಸನ್ ಕುಂಟ್ಕೊಂಡ್ ಬಂದು ಹೋಮ್ ರನ್ ಹೊಡೀತಾನೆ, ಸ್ಕಲ್ಲಿ ಒಂದ್ ನಿಮಿಷಕ್ಕಿಂತ ಜಾಸ್ತಿ ಸುಮ್ನಿರ್ತಾರೆ. ಅದಾದ್ಮೇಲೇನೇ ಆ ಫೇಮಸ್ ಲೈನು, ನಂಬಕ್ಕಾಗದ ವರ್ಷದಲ್ಲಿ ಆಗಲ್ಲ ಅನ್ನೋದೂ ಆಗೋಯ್ತು ಅನ್ನೋ ಅರ್ಥದ್ದು. ಈಗಿನೋರಾಗಿದ್ರೆ ಆ ನಿಮಿಷದಲ್ಲಿ ಮೂರು ಜಾಹೀರಾತು ಓದಿರೋರು.

ಈ ಸುಮ್ನಿರೋ ಚಟ ಎಲ್ಲಿಂದ ಬಂತು ಅಂತ ಅವ್ರೇ ಎಷ್ಟೋ ಸಲ ಹೇಳಿದಾರೆ. ನ್ಯೂಯಾರ್ಕಲ್ಲಿ ಚಿಕ್ಕ ಹುಡ್ಗ, ಎಂಟು ವರ್ಷ, ಮನೇಲಿ ನಾಲ್ಕು ಕಾಲಿನ ದೊಡ್ಡ ರೇಡಿಯೋ. ದಿಂಬು ಹಾಕ್ಕೊಂಡು ಅದ್ರ ಕೆಳಗೆ ನುಗ್ಗಿ, ಬಿಸ್ಕತ್ತು ಹಾಲು ಇಟ್ಕೊಂಡು, ಯಾವ್ದೋ ಊರಿನ ಕಾಲೇಜ್ ಫುಟ್‌ಬಾಲ್ ಕೇಳ್ತಿದ್ರಂತೆ. ಯಾರ್ ಗೆದ್ರು ಅನ್ನೋದು ಮುಖ್ಯ ಅಲ್ಲ, ಜನ ಹೋ ಅಂತ ಕೂಗೋ ಸದ್ದು ಸ್ಪೀಕರ್‌ನಿಂದ ಶವರ್ ನೀರಿನ ಥರ ಮೈ ಮೇಲೆ ಸುರೀತಿತ್ತಂತೆ. ಆ ನೀರು ನಮಗೂ ಸಿಗ್ಲಿ ಅಂತ ಪಕ್ಕಕ್ಕೆ ಸರ್ಕೊಳ್ತಿದ್ರು ಅನ್ಸುತ್ತೆ.

ಹಾಂ, ಅವ್ರು ಹೇಳಿದ್ದಕ್ಕೆಲ್ಲ ತಲೆ ಆಡ್ಸೋ ಭಕ್ತ ನಾನಲ್ಲ. ರಿಟೈರ್ ಆದ್ಮೇಲೆ 2017ರಲ್ಲಿ, ಕಪ್ಪು ಜನರಿಗಾಗೋ ಅನ್ಯಾಯದ ವಿರುದ್ಧ ರಾಷ್ಟ್ರಗೀತೆ ಹೊತ್ತಲ್ಲಿ ಮಂಡಿಯೂರಿದ ಅಮೆರಿಕನ್ ಫುಟ್‌ಬಾಲ್ ಆಟಗಾರರ ಬಗ್ಗೆ ಮಾತಾಡ್ತಾ, ಇನ್ಮೇಲೆ ಆ ಲೀಗ್ ನೋಡಲ್ಲ ಅಂದ್ರು. ಆರನ್ ಬಗ್ಗೆ ಆ ಮಾತು ಹೇಳಿದೋರು ಇವ್ರೇನಾ ಅಂತ ನಂಗೆ ಬೇಜಾರಾಯ್ತು, ಎರಡ್ ದಿನ. ಮನೆ ಹಿರಿಯರ ಜೊತೆ ಇದೆಲ್ಲ ಇದ್ದಿದ್ದೇ ಅಲ್ವಾ, ಅಪ್ಪನ ವಾಟ್ಸಾಪ್ ಫಾರ್ವರ್ಡ್ ನೋಡಿಲ್ವಾ ನಾವು.

ಈ ಕ್ಲಿಪ್ ಶುಕ್ರವಾರದ್ದು, ಟೀವಿಯಿಂದ ತೆಗ್ದಿದ್ದಲ್ಲ, ಕಾಪಿರೈಟ್ ಬರುತ್ತೆ, ನಮ್ಮನೆ ಸೋಫಾ ಅಷ್ಟೇ. ಅವ್ರು ಹೋದ್ಮೇಲೆ ಊರಲ್ಲಿ ಮೊದ್ಲ ಮ್ಯಾಚು, ಸ್ಯಾನ್ ಡಿಯೇಗೋ ಪಾಡ್ರೆಸ್ ವಿರುದ್ಧ. ಮಂಗಳವಾರ ಹಗಲೆಲ್ಲಾ ಇಡೀ ಬೇಸ್‌ಬಾಲ್ ಲೋಕ ಹುವಾನ್ ಸೋಟೋ ಅನ್ನೋ ಸ್ಟಾರ್ ಆಟಗಾರನ್ನ ಪಾಡ್ರೆಸ್ ತಗೊಂಡ್ರು ಅಂತ ಬಾಯ್ ಬಡ್ಕೊಳ್ತಿತ್ತು, ಸಂಜೆ ಸ್ಕಲ್ಲಿ ಸುದ್ದಿ ಬಂತು, ಸೋಟೋ ಗೀಟೋ ಎಲ್ಲಾ ಮರ್ತೋಯ್ತು. ಆಗ ಡಾಡ್ಜರ್ಸ್ ಆಡ್ತಿದ್ದಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬದ್ಧ ವೈರಿಗಳ ಮನೇಲಿ. ಆ ಸ್ಟೇಡಿಯಂನ ಸ್ಕೋರ್‌ಬೋರ್ಡಲ್ಲೂ ಸ್ಕಲ್ಲಿ ಫೋಟೋ ಹಾಕಿದ್ರು. ಅವ್ರ ಕೊನೇ ಕಾಮೆಂಟ್ರಿನೂ ಅಲ್ಲೇ, 2016 ಅಕ್ಟೋಬರ್ 2.

ಶುಕ್ರವಾರ ಮ್ಯಾಚಿಗೆ ಮುಂಚೆ ಮ್ಯಾನೇಜರ್ ಡೇವ್ ರಾಬರ್ಟ್ಸ್ ಮೈಕ್ ಹಿಡಿದು ಸ್ಕಲ್ಲಿ ಮ್ಯಾಚ್ ಶುರುವಲ್ಲಿ ಹೇಳ್ತಿದ್ದ ಮಾತನ್ನ ಎಲ್ರ ಕೈಲೂ ಹೇಳ್ಸಿದ್ರು, ಇಟ್ಸ್ ಟೈಮ್ ಫಾರ್ ಡಾಡ್ಜರ್ ಬೇಸ್‌ಬಾಲ್. ಕಾಮೆಂಟ್ರಿ ಬೂತಿಂದ ಒಂದ್ ಬ್ಯಾನರ್ ಇಳಿಬಿಟ್ಟಿದ್ರು, ವಿನ್, ನಿಮ್ಮನ್ನ ಮಿಸ್ ಮಾಡ್ಕೊಳ್ತೀವಿ ಅಂತ. ಅದೇ ಬೂತಿಂದ 2016ರಲ್ಲಿ ಅವ್ರು ನಮಗೆ ಬ್ಯಾನರ್ ಹಾಕಿದ್ರು, ನಿಮ್ಮನ್ನ ಮಿಸ್ ಮಾಡ್ಕೊಳ್ತೀನಿ ಅಂತ. ಉತ್ತರ ಬರಿಯಕ್ಕೆ ಆರು ವರ್ಷ ಹಿಡೀತು ನೋಡಿ. ನಮ್ ಹುಡ್ಗೀಗೆ ಏಳು ವರ್ಷ, ಯಾಕಪ್ಪಾ ಅಳ್ತಿದೀಯಾ, ಅವ್ರು ನಮ್ ರಿಲೇಟಿವ್ವಾ ಅಂದ್ಲು. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ, ಈರುಳ್ಳಿ ಅಂದೆ. ಅವ್ಳು ಅಡ್ಗೆಮನೆ ಕಡೆ ನೋಡಿದ್ಲು.

ಕೊನೇ ಕ್ಲಿಪ್ ಮತ್ತೆ ಬುಧವಾರದ್ದು. ಹೂವಿಟ್ಟು ಹೊರಟಾಗ ಆರೂ ಮುಕ್ಕಾಲು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮ್ಯಾಚ್ ಶುರು ಆಗೋ ಹೊತ್ತು. ಈಗ ಕಾರ್ ಬೇರೆ, ಬ್ಲೂಟೂತ್ ಇದೆ, ಎಲ್ಲಾ ಇದೆ. ಆದ್ರೂ ಎಎಮ್ 570 ಹಾಕ್ದೆ. ಐದನೇ ನಂಬರ್ ಫ್ರೀವೇ ಎಂದಿನ ಥರನೇ ಇತ್ತು, ನಾನು ಎಂಟು ಮೈಲಿ ಸ್ಪೀಡಲ್ಲೇ ಇದ್ದೆ. ಕಾಮೆಂಟ್ರಿ ಹೇಳ್ತಿದ್ದೋರು ಚೆನ್ನಾಗೇ ಹೇಳ್ತಿದ್ರು, ಅವ್ರ ತಪ್ಪೇನೂ ಇಲ್ಲ. ಮನೆ ಕೆಳಗೆ ಗಾಡಿ ನಿಲ್ಸಿದಾಗ ಮೂರನೇ ಇನ್ನಿಂಗ್ಸ್, ಇನ್ನೊಂದ್ ಔಟ್ ಬಾಕಿ. ಇದು ಪಾರ್ಕಿಂಗ್ ಗೋಡೆ, ನೋಡಿ, ಇದನ್ನ ಯಾಕ್ ಶೂಟ್ ಮಾಡ್ದೆ ಅಂತ ನಂಗೇ ಗೊತ್ತಿಲ್ಲ. ಔಟ್ ಆಯ್ತು. ಜಾಹೀರಾತು ಶುರುವಾಯ್ತು. ರೇಡಿಯೋ ಆಫ್ ಮಾಡ್ದೆ, ಬೆಲ್ಟ್ ಬಿಚ್ಚಿಲ್ಲ, ಹಂಗೇ ಕೂತಿದ್ದೆ.

ಫೋನ್ ಬಂತು. ಕೆಳಗೇ ಇದೀನಿ ಅಂದೆ. ಗೊತ್ತು, ಇರಿ ಪರ್ವಾಗಿಲ್ಲ ಅಂದ್ಲು.