ಎದುರು ವಕೀಲರ ಜೊತೆ ಕಾಫಿ ಕುಡಿದರೆ ಕೇಸು ಕೆಡುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ಯಾವುದೇ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಕ್ಷಿದಾರರು ಗೊಣಗುವ ಮಾತೊಂದಿದೆ. ‘ಒಳಗೆ ಅಷ್ಟು ಜೋರಾಗಿ ಕಿತ್ತಾಡಿದರು. ಈಗ ನೋಡಿ, ಇಬ್ಬರೂ ಕ್ಯಾಂಟೀನಿನಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದಾರೆ. ನಮ್ಮ ವಕೀಲರು ಆ ಕಡೆಯವರ ಜೊತೆ ಶಾಮೀಲಾಗಿದ್ದಾರೆ, ಅನುಮಾನವೇ ಇಲ್ಲ.’ ಜಮೀನಿನ ವ್ಯಾಜ್ಯಕ್ಕೆ ವರ್ಷಗಟ್ಟಲೆ ಅಲೆದವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಆ ಅನುಮಾನ ತಪ್ಪು ಜಾಗಕ್ಕೆ ಹೋಗಿದೆ. ವಕೀಲರಿಬ್ಬರು ಸ್ನೇಹದಿಂದಿದ್ದ ಕಾರಣಕ್ಕೆ ಕೆಟ್ಟ ಕೇಸುಗಳು ಕಡಿಮೆ. ಮುಟ್ಟಿಸಬೇಕಾದ ಕಾಗದ ಮುಟ್ಟಿಸದೆ, ಕೊಟ್ಟ ಮಾತು ಉಳಿಸಿಕೊಳ್ಳದೆ, ಸಾಕ್ಷಿಯ ಮೇಲೆ ಹರಿಹಾಯ್ದು, ದುಡ್ಡಿನ ಲೆಕ್ಕ ಮುಚ್ಚಿಟ್ಟು ಕೆಟ್ಟವೇ ಹೆಚ್ಚು. ಕಕ್ಷಿದಾರ ಕಣ್ಣಿಡಬೇಕಾದದ್ದು ಕಾಫಿಯ ಲೋಟದ ಮೇಲಲ್ಲ, ಇವುಗಳ ಮೇಲೆ.

ವಕೀಲರ ನಡವಳಿಕೆಗೆ ಬರೆದಿಟ್ಟ ನಿಯಮಗಳೇ ಇವೆ. 1961ರ ವಕೀಲರ ಕಾಯ್ದೆ ಕೊಟ್ಟ ಅಧಿಕಾರದಿಂದ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ ಆರನೇ ಭಾಗದ ಎರಡನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ನ್ಯಾಯಾಲಯದ ಬಗ್ಗೆ ಹತ್ತು ನಿಯಮ, ಕಕ್ಷಿದಾರನ ಬಗ್ಗೆ ಇಪ್ಪತ್ತಕ್ಕೂ ಹೆಚ್ಚು. ಎದುರಾಳಿಯ ಬಗ್ಗೆ ಎರಡೇ ಎರಡು, 34 ಮತ್ತು 35. ದಿನನಿತ್ಯದ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ಎರಡನ್ನು ಮರೆತಾಗಲೇ.

34ನೆಯದು ಸುಲಭ. ಎದುರು ಪಕ್ಷಕ್ಕೆ ವಕೀಲರಿದ್ದರೆ, ಕೇಸಿನ ವಿಷಯವನ್ನು ಆ ವಕೀಲರ ಮೂಲಕವೇ ಮಾತಾಡಬೇಕು. ನೇರವಾಗಿ ಎದುರು ಕಕ್ಷಿದಾರನಿಗೆ ಫೋನ್ ಮಾಡಿ ‘ಸುಮ್ಮನೆ ರಾಜಿ ಮಾಡಿಕೊಳ್ಳಿ, ಇಲ್ಲದಿದ್ದರೆ ಖರ್ಚು ನಿಮ್ಮ ಮೇಲೇ ಬೀಳುತ್ತದೆ’ ಎನ್ನುವ ಹಾಗಿಲ್ಲ. ಆತನೇ ಕಚೇರಿಗೆ ಬಂದು ಕೂತರೂ ‘ನಿಮ್ಮ ವಕೀಲರನ್ನು ಕರೆದುಕೊಂಡು ಬನ್ನಿ’ ಎಂದು ವಿನಯದಿಂದ ಕಳಿಸಬೇಕು. ಕಾನೂನು ಗೊತ್ತಿದ್ದವರು ಗೊತ್ತಿಲ್ಲದವರ ಬಾಯಿಂದ ಒಪ್ಪಿಗೆಯ ಮಾತು ಹೊರಡಿಸಿಬಿಡಬಹುದು ಎಂಬ ಭಯವೇ ಈ ನಿಯಮದ ಹಿಂದಿರುವುದು.

35ನೆಯದರ ತೂಕ ಹೆಚ್ಚು. ಎದುರು ಪಕ್ಷಕ್ಕೆ ಕೊಟ್ಟ ನ್ಯಾಯಸಮ್ಮತ ಮಾತನ್ನು, ಅದು ಬರಹದಲ್ಲಿ ಇಲ್ಲದಿದ್ದರೂ, ನಡೆಸಿಕೊಡಲು ವಕೀಲ ತನ್ನ ಕೈಲಾದಷ್ಟೂ ಪ್ರಯತ್ನಿಸಬೇಕು. ಒಂದು ಸಂದರ್ಭ ನೋಡೋಣ. ಪ್ರತಿವಾದಿ ದಾವೆಗೆ ತನ್ನ ಉತ್ತರವಾದ ಲಿಖಿತ ಹೇಳಿಕೆ ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ 30 ದಿನ ಸಮಯ. ನ್ಯಾಯಾಲಯ ಕಾರಣ ಬರೆದು 90 ದಿನದವರೆಗೆ ವಿಸ್ತರಿಸಬಹುದು. ಪ್ರತಿವಾದಿಯ ವಕೀಲರು ಹಿಂದಿನ ಸಂಜೆ ಫೋನ್ ಮಾಡಿ, ನಾಳೆ ಬೇರೆ ಊರಿನಲ್ಲಿ ಸಾಕ್ಷಿ ಇದೆ, ಇನ್ನೊಂದು ವಾಯಿದೆ ಕೇಳುತ್ತೇನೆ ಎನ್ನುತ್ತಾರೆ. ‘ಆಗಲಿ, ನನ್ನದೇನೂ ತಕರಾರಿಲ್ಲ’ ಎಂದು ವಾದಿಯ ವಕೀಲರು ಹೇಳುತ್ತಾರೆ. ಮರುದಿನ ಕೂಗಿದಾಗ ಆ ಕಡೆಯಿಂದ ಯಾರೂ ಎದ್ದು ನಿಲ್ಲುವುದಿಲ್ಲ. ಇವರು ತುಟಿ ಬಿಚ್ಚುವುದಿಲ್ಲ. ಪ್ರತಿವಾದಿ ‘ಏಕಪಕ್ಷೀಯ’ ಎಂದು, ಅಂದರೆ ಆತನಿಲ್ಲದೆಯೇ ಕೇಸು ಮುಂದುವರಿಯಲಿ ಎಂದು, ದಾಖಲಾಗುತ್ತದೆ.

ಇದು ಗೆಲುವಿನಂತೆ ಕಾಣುತ್ತದೆ, ಆದರೆ ಅಲ್ಲ. ಪ್ರತಿವಾದಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 7ರ ಕೆಳಗೆ ಅದನ್ನು ರದ್ದು ಮಾಡಿ ಎಂದು ಅರ್ಜಿ ಹಾಕುತ್ತಾನೆ. ಅಷ್ಟರಲ್ಲಿ ಡಿಕ್ರಿ, ಅಂದರೆ ದಾವೆಯ ತೀರ್ಮಾನದ ಆದೇಶ, ಆಗಿದ್ದರೆ ನಿಯಮ 13ರ ಕೆಳಗೆ. ಅದಕ್ಕೆ ಆಕ್ಷೇಪಣೆ, ವಾದ, ಆದೇಶ, ಕೆಲವೊಮ್ಮೆ ಮೇಲ್ಮನವಿ. ಕಡೆಗೆ ದಾವೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ನಡುವೆ ಕಳೆದ ತಿಂಗಳುಗಳು ಯಾರವು? ವಾದಿಯವೇ. ಜೊತೆಗೆ ಆ ವಕೀಲರ ‘ತಕರಾರಿಲ್ಲ’ ಎಂಬ ಮಾತನ್ನು ಆ ಬಾರ್‌ನಲ್ಲಿ ಮುಂದೆ ಯಾರೂ ನಂಬುವುದಿಲ್ಲ. ನಾಳೆ ಇನ್ನೊಬ್ಬ ಕಕ್ಷಿದಾರನಿಗೆ ನಿಜವಾಗಿಯೂ ಒಂದು ದಿನ ಬೇಕಾದಾಗ ಕೊಡುವವರು ಇರುವುದಿಲ್ಲ. ಪರಿಹಾರ ಸಣ್ಣದು. ಫೋನಿನಲ್ಲಿ ಒಪ್ಪಿದ್ದನ್ನು ಆಗಲೇ ಎರಡು ಸಾಲಿನ ಸಂದೇಶದಲ್ಲಿ ಬರೆದು ಕಳಿಸುವುದು. ಬೆಳಿಗ್ಗೆ ನ್ಯಾಯಾಲಯಕ್ಕೂ ತಿಳಿಸುವುದು, ಏಕೆಂದರೆ ವಕೀಲರಿಬ್ಬರು ಒಪ್ಪಿದ ಮಾತ್ರಕ್ಕೆ ವಾಯಿದೆ ಸಿಕ್ಕಿತು ಅಂತಲ್ಲ.

ಇದೇ ಜಾತಿಯ ಇನ್ನೊಂದು, ಇನ್ನೂ ಅಪಾಯದ ಜಾಗ, ಏಕಪಕ್ಷೀಯ ತಡೆಯಾಜ್ಞೆ. ಎದುರಾಳಿಗೆ ನೋಟಿಸ್ ಕೊಡುವ ಮೊದಲೇ ನ್ಯಾಯಾಲಯ ತಾತ್ಕಾಲಿಕ ಆದೇಶ ಮಾಡಿದರೆ, ಅದೇ ಸಂಹಿತೆಯ ಆದೇಶ 39, ನಿಯಮ 3ರ ಪ್ರಕಾರ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ದಾವಾ ಪತ್ರ, ಆಧರಿಸಿದ ದಾಖಲೆಗಳು, ಎಲ್ಲದರ ಪ್ರತಿಯನ್ನು ತಕ್ಷಣ ಎದುರಾಳಿಗೆ ಕೊಡಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದ್ದೇನೆ ಎಂಬ ಪ್ರಮಾಣಪತ್ರವನ್ನು ಅದೇ ದಿನ ಅಥವಾ ಮರುದಿನ ಸಲ್ಲಿಸಬೇಕು. ನಿಯಮ 3ಎ ಪ್ರಕಾರ ನ್ಯಾಯಾಲಯ 30 ದಿನದೊಳಗೆ ಆ ಅರ್ಜಿ ತೀರ್ಮಾನಿಸಲು ಯತ್ನಿಸಬೇಕು. ನಡೆಯುವುದೇನು? ಆದೇಶದ ಪ್ರತಿ ಹಿಡಿದು ನೇರವಾಗಿ ಜಮೀನಿಗೋ ಪೊಲೀಸ್ ಠಾಣೆಗೋ ಓಡುವುದು, ಎದುರಾಳಿಗೆ ಮಾತ್ರ ದಾಖಲೆಯಿಲ್ಲದ ಅರ್ಧ ಕಂತೆ ತಲುಪಿಸುವುದು. ಇದು ಬರೀ ಅಸಭ್ಯತೆಯಲ್ಲ. ನಿಯಮ 3 ಪಾಲಿಸಿಲ್ಲ ಎಂದು ತೋರಿಸಿ ಆ ಆದೇಶವನ್ನೇ ತೆರವು ಮಾಡಿಸಲು ಎದುರಾಳಿಗೆ ದಾರಿಯಾಗುತ್ತದೆ.

ದಾಖಲೆ ಬಚ್ಚಿಟ್ಟು ಡಿಕ್ರಿ ಪಡೆದರೂ ಗತಿ ಇದೇ. ಮುಖ್ಯ ದಾಖಲೆಯೊಂದನ್ನು ಮರೆಮಾಚಿ ಪಡೆದ ಡಿಕ್ರಿ ವಂಚನೆಯಿಂದ ಪಡೆದದ್ದು, ಅದನ್ನು ಯಾವ ನ್ಯಾಯಾಲಯದಲ್ಲಿ ಯಾವಾಗ ಬೇಕಾದರೂ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಇಲ್ಲದ ತೀರ್ಪನ್ನು ಉಲ್ಲೇಖಿಸುವುದು ಇತ್ತೀಚಿನ ರೋಗ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹುಟ್ಟಿಸಿಕೊಟ್ಟ ತೀರ್ಪಿನ ಹೆಸರನ್ನು ಓದದೆ, ಹುಡುಕದೆ ಮೆಮೊಗೆ ಅಂಟಿಸುವುದು ಉದ್ದೇಶವಿಲ್ಲದೆಯೂ ನ್ಯಾಯಾಲಯವನ್ನು ದಾರಿ ತಪ್ಪಿಸುವ ಕೆಲಸವೇ.

ಮುಂದೂಡಿಕೆಯ ವಿಷಯಕ್ಕೆ ಬರೋಣ. ದಾವೆಯ ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ವಾಯಿದೆ ಕೊಡಬಾರದು ಎಂದು ಸಂಹಿತೆಯ ಆದೇಶ 17 ಹೇಳುತ್ತದೆ. ತೀರಾ ಅನಿವಾರ್ಯ ಸಂದರ್ಭದಲ್ಲಿ ನ್ಯಾಯಾಲಯ ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿತು. ಆ ಸಣ್ಣ ಕಿಂಡಿಯೇ ಇವತ್ತು ಹೆಬ್ಬಾಗಿಲಾಗಿದೆ. ‘ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ’ ಎಂದು ಕಿರಿಯ ವಕೀಲರು ದಿನಕ್ಕೆ ಹತ್ತು ಬಾರಿ ಹೇಳುವ ಕಾರಣ ಕಾರಣವೇ ಅಲ್ಲ ಎಂದು ಅದೇ ನಿಯಮ ನೇರವಾಗಿ ಬರೆದಿದೆ. ಸಾಕ್ಷಿ ಬಂದು ಕೂತಿದ್ದು ವಕೀಲ ಸಿದ್ಧನಿಲ್ಲದಿದ್ದರೆ, ಪಾಟೀಸವಾಲಿಲ್ಲದೆಯೇ, ಅಂದರೆ ಎದುರು ವಕೀಲರ ಪ್ರಶ್ನೆಗಳಿಲ್ಲದೆಯೇ, ಮುಂದುವರಿಯುವ ಅಧಿಕಾರವೂ ನ್ಯಾಯಾಲಯಕ್ಕಿದೆ. ನಿಜವಾದ ತೊಂದರೆ ಇದ್ದಾಗ ಮಾಡಬೇಕಾದ್ದು ಸರಳ: ಹಿಂದಿನ ದಿನವೇ ಎದುರು ವಕೀಲರಿಗೆ ಹೇಳಿ, ಸಾಕ್ಷಿಯನ್ನು ಬಸ್ಸು ಹತ್ತಿಸದಂತೆ ತಡೆಯುವುದು. ಒಂದು ದಿನದ ಕೂಲಿ ಬಿಟ್ಟು ಬಂದು, ಸಂಜೆ ನಾಲ್ಕರವರೆಗೆ ಕಾದು ಬರಿಗೈಲಿ ಹೋಗುವ ಸಾಕ್ಷಿ ಮುಂದಿನ ಬಾರಿ ಬರುವುದೇ ಅನುಮಾನ.

ಹಾಗಾದರೆ ಸೌಜನ್ಯದ ಗೆರೆ ಎಲ್ಲಿಗೆ ನಿಲ್ಲುತ್ತದೆ? ಒಂದು ದಿನ ಬಿಟ್ಟುಕೊಡುವುದು, ಪ್ರತಿ ಇಲ್ಲದಿದ್ದರೆ ತನ್ನ ಪ್ರತಿ ಕೊಡುವುದು, ಇವು ವಕೀಲರ ವಿವೇಚನೆಗೆ ಸೇರಿದವು. ರಾಜಿಗೆ ಒಪ್ಪುವುದು, ಹಕ್ಕು ಬಿಟ್ಟುಕೊಡುವುದು, ಎದುರಾಳಿ ಹೇಳಿದ ಸಂಗತಿಯನ್ನು ಒಪ್ಪಿಕೊಳ್ಳುವುದು ಕಕ್ಷಿದಾರನ ಸ್ಪಷ್ಟ ಸೂಚನೆಯಿಲ್ಲದೆ ಆಗಬಾರದು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಗುಟ್ಟಿನ ವಿಷಯವೂ ಹಾಗೆಯೇ. ಕಕ್ಷಿದಾರ ಎಷ್ಟು ಲಕ್ಷಕ್ಕೆ ಇಳಿಯಲು ತಯಾರಿದ್ದಾನೆ ಎಂಬುದು ಕಾಫಿಯ ಜೊತೆ ಹೊರಬಿದ್ದರೆ ಅದು ದ್ರೋಹವೇ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಈ ಗುಟ್ಟನ್ನು ಕಾಯುತ್ತದೆ, ವಕಾಲತ್ತು ಮುಗಿದ ಮೇಲೂ.

ಇನ್ನು ಪಾಟೀಸವಾಲು. ಸಭ್ಯತೆಯ ನಿಜವಾದ ಪರೀಕ್ಷೆ ಇಲ್ಲಿಯೇ. ಸಾಕ್ಷಿಯನ್ನು ಗಟ್ಟಿಯಾಗಿ ಪ್ರಶ್ನಿಸುವುದು ಕರ್ತವ್ಯ. ತನ್ನ ಕಕ್ಷಿದಾರನ ನಿಲುವನ್ನು ಸಾಕ್ಷಿಯ ಮುಂದಿಟ್ಟು, ‘ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಆ ಹಳೆಯ ಉತ್ತರವನ್ನು ದಾಖಲಿಸಿಕೊಳ್ಳುವುದೂ ಕೆಲಸದ ಭಾಗವೇ. ಆದರೆ ಸಾಕ್ಷಿಯ ಚಾರಿತ್ರ್ಯ ಕೆಣಕುವ ಪ್ರಶ್ನೆಗೆ ಮೊದಲೇ ಸಮಂಜಸ ಆಧಾರ ಇರಬೇಕು ಎನ್ನುತ್ತದೆ ಅದೇ ಸಾಕ್ಷ್ಯ ಅಧಿನಿಯಮದ 152ನೇ ಕಲಂ. ಕಾನೂನೇ ಕೊಡುವ ಉದಾಹರಣೆ ಸೊಗಸಾಗಿದೆ. ಯಾರ ಬಗ್ಗೆ ಏನೂ ಗೊತ್ತಿಲ್ಲವೋ ಅಂಥ ಸಾಕ್ಷಿಯೊಬ್ಬನನ್ನು ಸುಮ್ಮನೆ ‘ನೀನು ದರೋಡೆಕೋರನೇ?’ ಎಂದು ಕೇಳಿದರೆ ಅದಕ್ಕೆ ಆಧಾರವಿಲ್ಲ. ಹಾಗೆ ಕೇಳಿದ ವಕೀಲರ ಬಗ್ಗೆ ನ್ಯಾಯಾಲಯ ಉಚ್ಚ ನ್ಯಾಯಾಲಯಕ್ಕೆ ವರದಿ ಮಾಡಬಹುದು. ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ತಡೆಯುವ ಹೊಣೆ 155ನೇ ಕಲಂ ಪ್ರಕಾರ ನ್ಯಾಯಾಲಯದ್ದು. ಅತ್ಯಾಚಾರದ ಪ್ರಕರಣದಲ್ಲಿ ಸಂತ್ರಸ್ತೆಯ ಹಿಂದಿನ ಲೈಂಗಿಕ ಅನುಭವವನ್ನು ಕೆದಕುವ ಪ್ರಶ್ನೆಗೆ, ಸಮ್ಮತಿ ಇತ್ತೇ ಎಂಬುದನ್ನು ಸಾಬೀತು ಮಾಡುವ ನೆಪದಲ್ಲೂ, ಅವಕಾಶವಿಲ್ಲ.

ಇದಲ್ಲದೆ ನಮ್ಮ ಕೋರ್ಟುಗಳ ಒಂದು ಕೆಟ್ಟ ರೂಢಿ ಇದೆ. ಬ್ಯಾಂಕಿನ ಮ್ಯಾನೇಜರ್ ಕಟಕಟೆಯಲ್ಲಿದ್ದರೆ ‘ತಾವು’, ಎಪ್ಪತ್ತು ವರ್ಷದ ರೈತ ನಿಂತಿದ್ದರೆ ‘ಏನಯ್ಯಾ, ನೀನು’. ಇದನ್ನು ನಿಷೇಧಿಸಿದ ಕಲಂ ಹುಡುಕಿ ಪ್ರಯೋಜನವಿಲ್ಲ. ಬೇಕಾಗಿರುವುದು ಮನೆಯಲ್ಲಿ ಕಲಿತ ನಡತೆ. ಲಾಭನಷ್ಟದ ದೃಷ್ಟಿಯಿಂದಲೂ ಗದರುವುದು ದಡ್ಡತನ. ಗದರಿದರೆ ಸಾಕ್ಷಿ ಬಾಯಿ ಮುಚ್ಚುತ್ತಾನೆ, ‘ನೆನಪಿಲ್ಲ’ ಎನ್ನುತ್ತಾನೆ. ಮರ್ಯಾದೆಯಿಂದ ಕೇಳಿದರೆ ಮಾತಾಡುತ್ತಾನೆ, ಮಾತಾಡಿದರೆ ತಾನೇ ವ್ಯತ್ಯಾಸ ಹೊರಬರುವುದು!

ತನ್ನದೇ ಸಾಕ್ಷಿಯ ವಿಷಯದಲ್ಲಿ ತಪ್ಪುವುದು ಪ್ರಮಾಣಪತ್ರದಲ್ಲಿ. ಈಗ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನನ್ನು ಕರೆಸಿದ ಪಕ್ಷದ ಪರ ಹೇಳುವ ಹೇಳಿಕೆ, ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಕೆಯಾಗುತ್ತದೆ. ಕನ್ನಡ ಮಾತ್ರ ಬಲ್ಲ ಸಾಕ್ಷಿಗೆ ಇಂಗ್ಲಿಷಿನಲ್ಲಿ ಬರೆದು, ಓದಿ ಹೇಳದೆ ಸಹಿ ಹಾಕಿಸಿದರೆ ಪಾಟೀಸವಾಲಿನ ಎರಡನೇ ಪ್ರಶ್ನೆಗೇ ಕೇಸು ಅಲುಗುತ್ತದೆ. ‘ಇದರಲ್ಲಿ ಏನು ಬರೆದಿದೆ?’ ‘ನನಗೆ ಗೊತ್ತಿಲ್ಲ ಸ್ವಾಮಿ, ವಕೀಲರು ಸಹಿ ಹಾಕು ಅಂದರು, ಹಾಕಿದೆ.’ ಕನ್ನಡದಲ್ಲೇ ಬರೆದು, ಪೂರ್ತಿ ಓದಿ ಹೇಳಿ, ಸಾಕ್ಷಿ ‘ಹೀಗಲ್ಲ, ಹಾಗೆ’ ಎಂದದ್ದನ್ನು ತಿದ್ದಿದ ಮೇಲೆಯೇ ಸಹಿ. ಅವನದೇ ದಾಖಲೆಗಳನ್ನು ತೋರಿಸಿ ನೆನಪು ಹಸಿರಾಗಿಸುವುದು ಸರಿ. ಕಾಣದ್ದನ್ನು ಕಂಡೆ ಎಂದು ಹೇಳಿಕೊಡುವುದು ಅಪರಾಧ.

ದುಡ್ಡಿನ ಮಾತು. ಅಪಘಾತ ಪರಿಹಾರದ ಕೇಸುಗಳಲ್ಲಿ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದ ಎಷ್ಟು ಸಾಮಾನ್ಯವೆಂದರೆ ಜನ ಅದನ್ನೇ ಕಾನೂನು ಅಂದುಕೊಂಡಿದ್ದಾರೆ. ವಕೀಲರ ಪರಿಷತ್ತಿನ ನಿಯಮ 20 ಅದನ್ನು ನಿಷೇಧಿಸಿದೆ. ವ್ಯಾಜ್ಯದ ಫಲದಲ್ಲಿ ಪಾಲು ಕೇಳುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಮಾನಿಸಿತು. ಫೀಸು ಎಷ್ಟು, ಕೋರ್ಟ್ ಶುಲ್ಕ ಎಷ್ಟು, ಟೈಪಿಂಗ್ ಮತ್ತು ನಕಲಿನ ಖರ್ಚು ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ, ರಸೀದಿ ಕೇಳಿ. ಕಕ್ಷಿದಾರನ ಹಣಕ್ಕೆ ಲೆಕ್ಕ ಇಡುವುದು ವಕೀಲರ ಕರ್ತವ್ಯವೇ ಆದ್ದರಿಂದ ಕೇಳುವುದು ಅಗೌರವವಲ್ಲ. ದಾವೆ ಹಾಕದೆಯೇ ಹಾಕಿದ್ದೇನೆ ಎಂದು ನಂಬಿಸಿ ಸುಳ್ಳು ತಾರೀಖು ಹೇಳುತ್ತಾ ಹೋದ ಪ್ರಕರಣಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. ಇವತ್ತು ಆ ಸುಳ್ಳು ಹಿಡಿಯುವುದು ಸುಲಭ. ಪ್ರತಿ ಕೇಸಿಗೂ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ವಾಯಿದೆಯಲ್ಲಿ ನಡೆದದ್ದು ಕಾಣುತ್ತದೆ.

ವಕೀಲರನ್ನು ಬದಲಾಯಿಸುವಾಗ ಜಗಳ ಖಚಿತ ಎಂಬಂತಾಗಿದೆ. ಪರಿಷತ್ತಿನ ನಿಯಮ 39ರ ಪ್ರಕಾರ ಹೊಸ ವಕೀಲರು ಹಳಬರ ಒಪ್ಪಿಗೆ ಪಡೆಯಬೇಕು. ಅವರು ಕೊಡದಿದ್ದರೆ ಕಾರಣ ವಿವರಿಸಿ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಹಾಗೆ ಮಾಡುವುದೇ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟಪಡಿಸಿದೆ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಆದರೆ ಕಕ್ಷಿದಾರರಿಗೂ ಒಂದು ಮಾತು: ವರ್ಷಗಟ್ಟಲೆ ದುಡಿಸಿಕೊಂಡು, ವಾದದ ಹಂತಕ್ಕೆ ಬಂದಾಗ ಫೀಸು ಕೊಡದೆ ಕಡತ ಎತ್ತಿಕೊಂಡು ಹೋಗುವುದೂ ಸಭ್ಯತೆಯಲ್ಲ.

ಕಲಾಪ ಬಹಿಷ್ಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುವುದು, ಪತ್ರಿಕಾ ಹೇಳಿಕೆ, ಆವರಣದ ಹೊರಗೆ ಶಾಂತ ಮೆರವಣಿಗೆಗೆ ಅಡ್ಡಿಯಿಲ್ಲ.

ಕಡೆಯದಾಗಿ, ನಿಜವಾದ ದುರ್ನಡತೆ ಕಂಡರೆ ಎಲ್ಲಿಗೆ ಹೋಗಬೇಕು? ಗ್ರಾಹಕರ ಆಯೋಗಕ್ಕಲ್ಲ. ವಕೀಲರ ಸೇವೆ ಗ್ರಾಹಕರ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ದೂರು ಹೋಗಬೇಕಾದ್ದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಕನ್ನಡದಲ್ಲೇ ಬರೆಯಬಹುದು. ಸಹಿ ಮತ್ತು ಬರೆದದ್ದು ನಿಜ ಎಂಬ ಸತ್ಯಾಪನೆ ಬೇಕು. ‘ಮೋಸ ಮಾಡಿದರು’ ಎಂದಷ್ಟೇ ಬರೆದರೆ ಅದು ನಿಲ್ಲುವುದಿಲ್ಲ. ಯಾವ ಕೇಸು, ಯಾವ ದಿನ, ಎಷ್ಟು ಹಣ, ಯಾವ ರಸೀದಿ, ಯಾವ ಸಂದೇಶ ಎಂದು ತಾರೀಖಿನ ಕ್ರಮದಲ್ಲಿ ಬರೆದು ಪ್ರತಿ ಲಗತ್ತಿಸಿ. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಮೂವರು ಸದಸ್ಯರ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ದೂರು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಸನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ರಾಜ್ಯ ಸಮಿತಿಯ ಆದೇಶದ ಮೇಲೆ ಮೇಲ್ಮನವಿಗೆ 60 ದಿನ.

ದೂರು ಬರೆಯಲು ನೆರವು ಬೇಕಿದ್ದರೆ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ. ಒಮ್ಮೆ ಕೊಟ್ಟ ದೂರನ್ನು ನೀವು ವಾಪಸ್ ಪಡೆದಿರಿ, ಇಲ್ಲವೇ ರಾಜಿ ಮಾಡಿಕೊಂಡಿರಿ ಎಂಬ ಕಾರಣಕ್ಕಷ್ಟೇ ಪರಿಷತ್ತು ಅದನ್ನು ಕೈಬಿಡುವುದಿಲ್ಲ. ಆದ್ದರಿಂದ ಸಿಟ್ಟು ಇಳಿದ ಮೇಲೆ, ಕಾಗದ ಪತ್ರ ಜೋಡಿಸಿಕೊಂಡು ಬರೆಯಿರಿ.

ನಮಸ್ಕಾರ.