ಪ್ಲೇಟಿಗೆ ಸ್ಪಿರಿಟ್ ಬೇಡ

ಕೇಳುಗರಿಗೆ ನಮಸ್ಕಾರ.

ಹಳೆ ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವುದು ಹೇಗೆ, ಕಾಪಾಡುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಕುಕ್ಕರ್ ಕೂಗಿತು ಅಂತ ನಡುವೆ ಎದ್ದು ಹೋಗುವವರಿಗೆ ಅಷ್ಟಾದರೂ ದಕ್ಕಲಿ. ಪ್ಲೇಟಿಗೆ ಸ್ಪಿರಿಟ್ ತಾಗಿಸಬೇಡಿ. ಸ್ಪಿರಿಟ್ ಅಂದರೆ ಬಾಟಲಿಯ ಮೇಲೆ ಸ್ಪಿರಿಟ್ ಅಂತ ಬರೆದದ್ದು ಮಾತ್ರ ಅಲ್ಲ. ಸ್ಯಾನಿಟೈಸರ್, ಸೆಂಟು, ಗಾಜು ಒರೆಸುವ ನೀಲಿ ನೀರು, ಎಲ್ಲ ಸೇರಿತು.

ಯಾಕೆ ಅಂದರೆ, ಆ ಕಪ್ಪು ಪ್ಲೇಟು ಅರಗಿನದ್ದು. ಪಾಂಡವರನ್ನು ಸುಡಲಿಕ್ಕೆ ದುರ್ಯೋಧನ ಅರಗಿನ ಮನೆ ಕಟ್ಟಿಸಿದ ಪ್ರಸಂಗ ಎಷ್ಟು ರಾತ್ರಿ ಕೂತು ನೋಡಿಲ್ಲ ನೀವು? ಅದೇ ಅರಗು. ಮರದ ಕೊಂಬೆಗೆ ಕಚ್ಚಿಕೊಂಡು ಬದುಕುವ ಒಂದು ಸಣ್ಣ ಹುಳ ಸುರಿಸುವ ಅಂಟು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಅದೇ, ಲಕೋಟೆಗೆ ಮುದ್ರೆ ಒತ್ತುತ್ತಿದ್ದದ್ದೂ ಅದೇ. ಅದಕ್ಕೆ ಕಲ್ಲಿನ ಹುಡಿ, ಮಸಿಯಂಥ ಕಪ್ಪು ಬೆರೆಸಿ, ಬಿಸಿ ಇರುವಾಗ ಅಚ್ಚಿನಲ್ಲಿ ಒತ್ತಿದರೆ ಪ್ಲೇಟಾಯಿತು. ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. 10 ಇಂಚಿನದ್ದಾದರೆ ಒಂದು ಬದಿಯಲ್ಲಿ ಸುಮಾರು 3 ನಿಮಿಷದ ಹಾಡು.

ಈಗ ನಿಮ್ಮ ಮನೆಗೆ ಮರದ ಕೆಲಸಕ್ಕೆ ಬರುವ ಆಚಾರಿಯವರನ್ನು ಕೇಳಿ, ಹಿಂದೆ ಕುರ್ಚಿಗೆ ಪಾಲಿಶ್ ಹೇಗೆ ಮಾಡುತ್ತಿದ್ದಿರಿ ಅಂತ. ಅರಗಿನ ಹಳಕನ್ನು ಸ್ಪಿರಿಟ್ಟಿನಲ್ಲಿ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ಕರಗಿ ನೀರಾಗಿರುತ್ತದೆ ಅನ್ನುತ್ತಾರೆ. ಕುರ್ಚಿಗೆ ಪಾಲಿಶ್ ಆಗುವುದು ಹಾಗೆ, ಪ್ಲೇಟು ಹಾಳಾಗುವುದೂ ಹಾಗೆಯೇ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಕಟಪಾಡಿಯ ಹತ್ತಿರ ಒಂದು ಹಳೆ ಹೆಂಚಿನ ಮನೆ. ಮನೆಯ ಯಜಮಾನರು ನಿವೃತ್ತರು, ಬಹಳ ಶುಚಿಯ ಮನುಷ್ಯ. ಅವರ ಅಜ್ಜ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು, ಊರಿಗೆ ವಾಪಸು ಬರುವಾಗ ಒಂದು ಟ್ರಂಕು ತುಂಬ ಪ್ಲೇಟು ತಂದಿದ್ದರಂತೆ. ಅದು ಅಟ್ಟದ ಮೇಲೆ, ಒಡೆದ ತೊಟ್ಟಿಲಿನ ಪಕ್ಕ ಕೂತಿತ್ತು. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಸಿಕ್ಕಿತು. ನನಗೆ ಫೋನು ಮಾಡಿದರು. "ಮಾಸ್ಟ್ರೆ, ಮೂವತ್ತೊಂದು ಉಂಟು. ಆದಿತ್ಯವಾರ ಬನ್ನಿ, ಊಟಕ್ಕೆ ನಮ್ಮಲ್ಲೇ."

ಹೋದೆ. ಜಗಲಿಯಲ್ಲಿ ಪೇಪರು ಹಾಸಿ ಪ್ಲೇಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಎಡಗಡೆ ಇಪ್ಪತ್ತೆರಡು, ಬೂಷ್ಟು ಹಿಡಿದು ಬೂದಿ ಬಣ್ಣಕ್ಕೆ ತಿರುಗಿದವು. ಬಲಗಡೆ ಒಂಬತ್ತು, ಒಂಥರಾ ಮಂಕಾಗಿ, ನೀರು ಒಣಗಿದ ಕಲೆ ಕಲೆಯಾಗಿ. ಪಕ್ಕದಲ್ಲಿ ಕೊರೋನಾ ಸಮಯದಲ್ಲಿ ತಂದು ಉಳಿದ ಸ್ಯಾನಿಟೈಸರಿನ ಐದು ಲೀಟರ್ ಕ್ಯಾನು. ಒಂದು ಬಟ್ಟಲಿನಲ್ಲಿ ಹತ್ತಿಯ ಉಂಡೆಗಳು, ಎಲ್ಲ ಕಪ್ಪು ಕಪ್ಪು.

"ನೀವು ಬರುವುದರೊಳಗೆ ಸ್ವಲ್ಪ ಕ್ಲೀನ್ ಮಾಡುವ ಅಂತ ಕೂತೆ. ಕೊಳೆ ನೋಡಿ ಮಾರಾಯ್ರೆ, ಒರೆಸಿದಷ್ಟೂ ಬರ್ತಾ ಉಂಟು!"

ಬಾರದೆ ಇರುತ್ತದೆಯೇ? ಇಡೀ ಪ್ಲೇಟು ಮುಗಿಯುವವರೆಗೂ ಬರುತ್ತದೆ. ಅವರು ಒರೆಸಿ ತೆಗೆದಿದ್ದದ್ದು ಹಾಡನ್ನು. ನಾನು ಏನು ಹೇಳಲಿ? ಊಟಕ್ಕೆ ಕರೆದವರು, ಒಳಗಿನಿಂದ ಪತ್ರೊಡೆಯ ಪರಿಮಳ ಬೇರೆ. ತಂದಿದ್ದ ಯಂತ್ರಕ್ಕೆ ಕೀಲಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ಆ ಒಂಬತ್ತರಲ್ಲಿ ಒಂದನ್ನು ಹಾಕಿದೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಅದರ ಹಿಂದೆ ಎಲ್ಲೋ ಒಂದು ಹಾರ್ಮೋನಿಯಂ ಇದೆ ಅನಿಸುತ್ತದೆ, ಅಷ್ಟೇ. ಯಜಮಾನರು ಪೂರ್ತಿ ಮೂರು ನಿಮಿಷ ಕಿವಿ ಕೊಟ್ಟು ಕೇಳಿದರು. ಆಮೇಲೆ ಎದ್ದು ಕ್ಯಾನನ್ನು ಒಳಗೆ ಇಟ್ಟು ಬಂದರು. ಮಾತಿಲ್ಲ.

ಊಟ ಆದ ಮೇಲೆ ಎಡಗಡೆಯ ಸಾಲಿನಿಂದ ಒಂದನ್ನು ಎತ್ತಿಕೊಂಡೆ. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರುತ್ತದಲ್ಲ, ಅದನ್ನು ಅರ್ಧ ಲೋಟ ತರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ಹಾಕಿದೆ. ನಡುವಿನ ಲೇಬಲ್ಲಿನ ಮೇಲೆ ಡಬ್ಬದ ಮುಚ್ಚಳ ಕವುಚಿ, ಅದು ಒದ್ದೆಯಾಗದ ಹಾಗೆ ಒತ್ತಿ ಹಿಡಿದೆ. ಮಕ್ಕಳ ಮೆತ್ತಗಿನ ಬ್ರಷ್ಷಿನಲ್ಲಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತ ಉಜ್ಜಿದೆ. ಅಡ್ಡ ಉಜ್ಜಬಾರದು. ಬರೇ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಹಳೆ ಬೈರಾಸಿನಲ್ಲಿ ಒತ್ತಿ ಒರೆಸಿ, ಪಾತ್ರೆ ಇಡುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಫ್ಯಾನ್ ಹಾಕಿದೆ. ಬಿಸಿಲಿಗಲ್ಲ, ಫ್ಯಾನಿಗೆ. ಒಂದು ಗಂಟೆ ಬಿಟ್ಟು ಹಾಕಿದರೆ ನಮ್ಮ ಕಾಳಿಂಗರಾಯರು! 1914ರಲ್ಲಿ ಇಲ್ಲೇ ಆರೂರಿನಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು, ಜೊತೆಗೆ ಮೋಹನಕುಮಾರಿಯವರ ದನಿ. ಒಳಗೆ ಪಾತ್ರೆಯ ಸದ್ದು ನಿಂತಿತು. ಯಜಮಾನರ ಹೆಂಡತಿ ಕೈ ಒರೆಸುತ್ತ ಬಾಗಿಲಿಗೆ ಬಂದು ಯಂತ್ರದ ಸುತ್ತ ಒಂದು ಸಲ ನೋಡಿದರು. "ಇದಕ್ಕೆ ಕರೆಂಟ್ ಬೇಡ್ವಾ?" ಅಂತ ಕೇಳಿದರು.

ಉಳಿದ ಇಪ್ಪತ್ತೊಂದನ್ನೂ ಅವರೇ ತೊಳೆದರು, ದಿನಕ್ಕೆ ಮೂರರ ಹಾಗೆ. ಸ್ಪಿರಿಟ್ ಇಲ್ಲದೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವೇ? ಹೇಳಬೇಕಾದ್ದು ಇನ್ನೂ ಅರ್ಧ ಉಂಟು. ಇರಲಿ, ಬೇಗ ಹೇಳುತ್ತೇನೆ.

ಅಟ್ಟದಲ್ಲಿ ಇಡಬೇಡಿ. ಹೆಂಚಿನ ಕೆಳಗೆ ಏಪ್ರಿಲ್, ಮೇ ತಿಂಗಳ ಸೆಕೆಗೆ ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ನೂರು ಪ್ಲೇಟು ಇಪ್ಪತ್ತು ಕಿಲೋ ತೂಗುತ್ತದೆ, ಕಪಾಟು ಗಟ್ಟಿ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದಲ್ಲಿ ಒಳಗೇ ಬೆವರುತ್ತದೆ, ಕಾಗದದ ಕವರೇ ಒಳ್ಳೆಯದು. ಆಟಿ ತಿಂಗಳಲ್ಲಿ ಮಳೆ ಬಿಟ್ಟ ದಿನ ಕಪಾಟಿನ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ತೆಂಗಿನೆಣ್ಣೆ ಹಚ್ಚಿ ಹೊಳಪು ತರಿಸುವವರು ಇದ್ದಾರೆ. ದಯವಿಟ್ಟು ಬೇಡ, ಎಣ್ಣೆಗೆ ಧೂಳು ಅಂಟುತ್ತದೆ.

ಮುಳ್ಳು. ಕೀಲಿ ಕೊಡುವ ಯಂತ್ರದ ಉಕ್ಕಿನ ಮುಳ್ಳು ಒಂದು ಬದಿಗೆ ಒಂದು, ಆಮೇಲೆ ಬಿಸಾಡಬೇಕು. ಪ್ಲೇಟಿನಲ್ಲಿರುವ ಕಲ್ಲಿನ ಹುಡಿಯೇ ಅದನ್ನು ಮಸೆದು ಉಳಿ ಮಾಡಿಬಿಟ್ಟಿರುತ್ತದೆ. ಅದನ್ನೇ ಮತ್ತೆ ಇಟ್ಟರೆ ಗೆರೆ ಕೆತ್ತಿಹೋಗುತ್ತದೆ. ಉಳಿತಾಯ ಮಾಡಬೇಕಾದರೆ ಬೇರೆಲ್ಲಾದರೂ ಮಾಡಿ. ಎಲ್‌ಪಿ, ಅಂದರೆ ಆಮೇಲೆ ಬಂದ ಪ್ಲಾಸ್ಟಿಕ್ಕಿನ ದೊಡ್ಡ ಪ್ಲೇಟು, ಬೇರೆ ಜಾತಿ, ಅದನ್ನು ಈ ಯಂತ್ರಕ್ಕೆ ತಪ್ಪಿಯೂ ಹಾಕಬೇಡಿ, ಒಂದೇ ಸಲಕ್ಕೆ ಮುಗಿಯಿತು ಅದು.

ಇನ್ನು "ಇದಕ್ಕೆ ಎಷ್ಟು ಸಿಗಬಹುದು ಮಾಸ್ಟ್ರೆ?" ಅಂತ ಕೇಳುವವರಿಗೆ. ನನಗೆ ಆ ಪ್ರಶ್ನೆ ಕೇಳಿದರೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಗುಜರಿಯವರು ತೂಕಕ್ಕೆ ಕೇಳುತ್ತಾರೆ, ಕೊಡಬೇಡಿ. ಮೊದಲು ಹಾಕಿ ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅನ್ನುತ್ತಿದ್ದರು. ಆಕೆ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ, 1930ರಲ್ಲಿ. ನಿಮ್ಮ ಟ್ರಂಕಿನಲ್ಲಿ ಯಾರ ದನಿ ಉಂಟೋ ಯಾರಿಗೆ ಗೊತ್ತು!

ಒಡೆದ ಪ್ಲೇಟಿನ ಬಗ್ಗೆ ಹೇಳಲಿಕ್ಕೆ ಸಮಯ ಉಳಿಯಲಿಲ್ಲ. ಚೂರುಗಳನ್ನು ಬಿಸಾಡಬೇಡಿ, ಎಲ್ಲವನ್ನೂ ಒಂದೇ ಕಾಗದದ ಕವರಿಗೆ ಹಾಕಿ, ಮೇಲೆ ಲೇಬಲ್ಲಿನ ನಂಬರು ಪೆನ್ಸಿಲಿನಲ್ಲಿ ಬರೆದಿಡಿ. ಫೆವಿಕ್ವಿಕ್ ಹಚ್ಚಲು ಹೋಗಬೇಡಿ. ನಮಸ್ಕಾರ.