ಒಂದೇ ಊರು, ಹಲವು ವೈರ್‌ಲೆಸ್

ಅಧ್ಯಕ್ಷರೇ, ಹಿರಿಯರೇ, ಜಾಗ ಸಾಲದೆ ಹಿಂದೆ ನಿಂತೇ ಕೇಳುತ್ತಿರುವ ವಿದ್ಯಾರ್ಥಿಗಳೇ,

ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ಸಭೆಯಲ್ಲಿ ಅಣೆಕಟ್ಟು, ಸೇತುವೆಗಳ ಬಗ್ಗೆ ಮಾತಾಡುವುದು ವಾಡಿಕೆ. ನಾನು ವಾಕಿಟಾಕಿಯ ಬಗ್ಗೆ ಮಾತಾಡಲು ಬಂದಿದ್ದೇನೆ. ಪೊಲೀಸರಿಗೊಂದು ಜಾಲ, ಅಗ್ನಿಶಾಮಕದವರಿಗೊಂದು, ಮೆಟ್ರೊದವರಿಗೊಂದು ಯಾಕೆ, ಎಲ್ಲ ಸೇರಿಸಿ ಒಂದೇ ಮಾಡಿದರೆ ದುಡ್ಡೂ ಉಳಿಯುತ್ತದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಮುಂದಿನ ಸಾಲಿನಲ್ಲಿ ಬಿಇಎಲ್, ಐಟಿಐ ಕಾರ್ಖಾನೆಗಳಿಂದ ನಿವೃತ್ತರಾದವರು ಕೂತಿದ್ದೀರಿ, ನಿಮಗೆ ಟ್ರಂಕಿಂಗ್ ಹೊಸದಲ್ಲ. ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಹಳೆಯ ಪದ್ಧತಿಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಚಾನೆಲ್ ಮೀಸಲು. ಆ ಗುಂಪು ಸುಮ್ಮನಿದ್ದರೂ ಚಾನೆಲ್ ಬೇರೆಯವರಿಗೆ ಸಿಗದು. ಟ್ರಂಕಿಂಗ್‌ನಲ್ಲಿ ಚಾನೆಲ್‌ಗಳೆಲ್ಲ ಎಲ್ಲರ ಸ್ವತ್ತು. ಬಟನ್ ಒತ್ತಿದೊಡನೆ ಕಂಟ್ರೋಲ್ ಚಾನೆಲ್, ಅಂದರೆ ಕೋರಿಕೆಗಳಿಗೆಂದೇ ಇಟ್ಟ ಚಾನೆಲ್, ಮೂಲಕ ಕೋರಿಕೆ ಹೋಗುತ್ತದೆ, ಕಂಪ್ಯೂಟರ್ ಖಾಲಿ ಇರುವ ಚಾನೆಲ್ಲೊಂದನ್ನು ಆ ಟಾಕ್‌ಗ್ರೂಪ್‌ಗೆ, ಅಂದರೆ ಒಟ್ಟಿಗೆ ಮಾತಾಡುವ ಸೆಟ್‌ಗಳ ಗುಂಪಿಗೆ, ಕೊಡುತ್ತದೆ, ಮಾತು ಮುಗಿದ ಮೇಲೆ ವಾಪಸ್ ಪಡೆಯುತ್ತದೆ. ಇದರ ಲೆಕ್ಕ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ ಕೊಟ್ಟದ್ದು. ನೂರಕ್ಕೆ ಎರಡು ಕರೆಗೆ ಚಾನೆಲ್ ಸಿಗದಿದ್ದರೂ ಪರವಾಗಿಲ್ಲ ಎಂದಿಟ್ಟುಕೊಳ್ಳಿ. ಒಂದು ಚಾನೆಲ್ ಬಿಡುವಿಲ್ಲದೆ ತುಂಬಿದ್ದರೆ ಅದು ಒಂದು ಎರ್ಲಾಂಗ್ ಹೊರೆ. 10 ಚಾನೆಲ್‌ಗಳ ಜಾಲ ಸುಮಾರು 5.1 ಎರ್ಲಾಂಗ್ ಹೊರೆ ಹೊರುತ್ತದೆ. ಅಂಥ ಎರಡು ಜಾಲ ಸೇರಿ 10.2. ಅದೇ 20 ಚಾನೆಲ್ ಒಂದೇ ಜಾಲದಲ್ಲಿದ್ದರೆ 13.2! ಗಣಿತ ‘ಸೇರಿಸಿ’ ಎನ್ನುತ್ತದೆ. ಇಲಾಖೆಗಳು ಸೇರುವುದಿಲ್ಲ.

ಯಾಕೆಂದರೆ ಅಪ್ಪಣೆ ಕೊಡುವ ಅಧಿಕಾರ ಎಲ್ಲಿ ಒಡೆಯುತ್ತದೋ ವೈರ್‌ಲೆಸ್ಸೂ ಅಲ್ಲೇ ಒಡೆಯುತ್ತದೆ. 20 ಚಾನೆಲ್ಲೂ ತುಂಬಿದಾಗ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಮೊದಲು ಯಾರಿಗೆ? ಆ ಸರದಿಯನ್ನು ಯಾರು ಬರೆಯಬೇಕು? ಟವರ್ ಕೆಟ್ಟರೆ ನಡುರಾತ್ರಿ ಯಾರು ಹತ್ತಬೇಕು, ಬಿಲ್ಲು ಯಾವ ಇಲಾಖೆಯ ಅನುದಾನದಲ್ಲಿ ಪಾಸಾಗಬೇಕು? ಇಷ್ಟನ್ನು ಕೂತು ಇತ್ಯರ್ಥ ಮಾಡುವುದಕ್ಕಿಂತ ತನ್ನದೇ ಜಾಲ ಕೊಳ್ಳುವುದು ಪ್ರತಿ ಇಲಾಖೆಗೂ ಸುಲಭ.

ನಾನು ಹೋದಲ್ಲೆಲ್ಲ ಹೇಳುವ ಒಂದು ಪ್ರಸಂಗವಿದೆ. ಮೊದಲೇ ಕೇಳಿದವರು ಇನ್ನೊಮ್ಮೆ ಕೇಳಿ. 1982ರ ಜನವರಿ 13, ವಾಷಿಂಗ್ಟನ್. ಒಂದೇ ಸಮನೆ ಹಿಮ. ಏರ್ ಫ್ಲೋರಿಡಾದ ಬೋಯಿಂಗ್ 737 ನೆಲ ಬಿಟ್ಟಿತು, ಮೇಲೇರಲಾರದೆ 14ನೇ ಬೀದಿಯ ಸೇತುವೆಗೆ ಬಡಿದು, ಮಂಜುಗಟ್ಟಿದ ಪೊಟೊಮ್ಯಾಕ್ ನದಿಗೆ ಬಿತ್ತು. ಸತ್ತವರು 78 ಜನ, ಅದರಲ್ಲಿ ನಾಲ್ವರು ಸೇತುವೆಯ ಮೇಲೆ ತಮ್ಮ ಪಾಡಿಗೆ ಹೊರಟಿದ್ದವರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಊರಿನ ಮೆಟ್ರೊ ರೈಲು ನೆಲದಡಿಯಲ್ಲಿ ಹಳಿ ತಪ್ಪಿತು, ಅಲ್ಲಿ ಮೂವರು. ನದಿಯ ಒಂದು ದಡ ವಾಷಿಂಗ್ಟನ್, ಇನ್ನೊಂದು ದಡ ವರ್ಜೀನಿಯಾ. ಎರಡೂ ಕಡೆಯಿಂದ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ಎಲ್ಲರೂ ಬಂದರು. ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ಕೇಳದು.

ಆಮೇಲೆ ಆ ಸುತ್ತಿನ ಇಲಾಖೆಗಳು ಕೂತು ಮಾತಾಡಿದವು. ದೊಡ್ಡ ಅವಘಡದಲ್ಲಿ ಯಜಮಾನಿಕೆ ಯಾರದು, ಯಾವ ಚಾನೆಲ್‌ಗೆ ಎಲ್ಲರೂ ಬರಬೇಕು ಎಂದು ಗೊತ್ತುಮಾಡಿಕೊಂಡವು. 2001ರ ಸೆಪ್ಟೆಂಬರ್ 11ರಂದು ಅಲ್ಲೇ ಪಕ್ಕದ ಪೆಂಟಗನ್‌ಗೆ, ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಗೆ, ವಿಮಾನ ಬಡಿಯಿತು. ಮೊಬೈಲುಗಳು ಜಾಮ್ ಆದವು. ವೈರ್‌ಲೆಸ್‌ನಲ್ಲಿ ಮಾತ್ರ, ಮೊದಲು ಬಂದ ಇಲಾಖೆಗಳು ಬಹುಮಟ್ಟಿಗೆ ಪರಸ್ಪರ ಮಾತಾಡಿದವು. ಗಮನಿಸಿ, ಅವರ ಜಾಲಗಳು ಆಗಲೂ ಬೇರೆ ಬೇರೆಯೇ ಇದ್ದವು.

ಅದೇ ಬೆಳಿಗ್ಗೆ ನ್ಯೂಯಾರ್ಕ್‌ನಲ್ಲಿ 9:59ಕ್ಕೆ ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣದ ಗೋಪುರ ಕುಸಿಯಿತು. ಉತ್ತರದ್ದೂ ಉಳಿಯುವಂತೆ ಕಾಣುತ್ತಿಲ್ಲ ಎಂದು ಪೊಲೀಸ್ ಹೆಲಿಕಾಪ್ಟರ್ ತನ್ನ ಜಾಲದಲ್ಲಿ ಎಚ್ಚರಿಸಿತು. ಅಗ್ನಿಶಾಮಕದ ಮುಖ್ಯಸ್ಥರ ಕೈಲಿ ಆ ಜಾಲ ಇರಲಿಲ್ಲ. 10:28ಕ್ಕೆ ಅದೂ ಬಿತ್ತು. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಎಲ್ಲ ಸಾವನ್ನೂ ವೈರ್‌ಲೆಸ್ ತಲೆಗೆ ಕಟ್ಟುವುದು ಅನ್ಯಾಯ. ಆದರೆ ನಡುವಿನ ಆ 29 ನಿಮಿಷಗಳನ್ನು ಮರೆಯಲು ನನಗೆ ಆಗುವುದಿಲ್ಲ.

ಹಾಗಂತ ಬೇರೆ ಜಾಲ ಇರುವುದೇ ತಪ್ಪು ಎಂದು ಯಾರೂ ಎದ್ದುಹೋಗಬೇಡಿ. ನಮ್ಮ ಮೆಟ್ರೊ ತನ್ನದೇ ಟೆಟ್ರಾ (ಒಂದು ಬಗೆಯ ಡಿಜಿಟಲ್ ಟ್ರಂಕಿಂಗ್) ಜಾಲ ಇಟ್ಟುಕೊಂಡಿದೆ, ಇಟ್ಟುಕೊಳ್ಳಲೇಬೇಕು. ಮೇಲಿನ ಟವರಿನ ಸಿಗ್ನಲ್ ಸುರಂಗಕ್ಕೆ ತಾನಾಗಿ ಇಳಿಯುವುದಿಲ್ಲ, ಉದ್ದಕ್ಕೂ ಸಿಗ್ನಲ್ ಸೋರಿಸುವ ಲೀಕಿ ಕೇಬಲ್ ಎಳೆಯಬೇಕು. ರೈಲು ಓಡಿಸುವವರ ಮಾತು ಮೇಲಿನ ಬಂದೋಬಸ್ತಿನ ಗದ್ದಲದಲ್ಲಿ ಸಿಕ್ಕಿಕೊಳ್ಳಲೂಬಾರದು. ಇನ್ನೂ ಒಂದು: ಒಂದೇ ಜಾಲವಾದರೆ ಅದು ಕೆಟ್ಟ ದಿನ ಇಡೀ ಊರು ಮೂಕ. ಪ್ರಶ್ನೆ ಇಷ್ಟೇ. ಮೆಜೆಸ್ಟಿಕ್ ಕೆಳಗೆ ಹೊಗೆ ತುಂಬಿದರೆ, ಇಳಿದುಹೋಗುವ ಅಗ್ನಿಶಾಮಕದವರ ಕೈಲಿ ಯಾವ ಸೆಟ್ ಇರಬೇಕು, ಅವರಿಗೆ ಯಾರ ಅಪ್ಪಣೆ ಕೇಳಬೇಕು? 2005ರ ಜುಲೈಯಲ್ಲಿ ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದಾಗ ಇದೇ ಪ್ರಶ್ನೆ ಎದ್ದಿತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಮುಗಿಸುತ್ತೇನೆ. ಒಂದು ಕಂಪನಿಯ ಟ್ರಂಕಿಂಗ್ ಇನ್ನೊಂದರ ಸೆಟ್ಟಿಗೆ ಒಗ್ಗದಿರುವುದೂ ಒಂದು ಕಾರಣ, ಅದಕ್ಕೇ ಯುರೋಪಿನಲ್ಲಿ ಟೆಟ್ರಾ, ಅಮೆರಿಕದಲ್ಲಿ ಪಿ25 ಎಂಬ ಮಾನದಂಡಗಳು ಬಂದವು. ಹಳೆಯ ಜಾಲದ ಕೊನೆಯ ಸೆಟ್ ಬದಲಾಗುವ ತನಕ ಹಳೆಯದೂ ಹೊಸದೂ ಜೊತೆಗೇ ನಡೆಯಬೇಕು, ಇದು ಇನ್ನೊಂದು ಕಾರಣ. ಫಿನ್ಲೆಂಡ್ ಇಡೀ ದೇಶಕ್ಕೆ ವಿರ್ವೆ ಎಂಬ ಒಂದೇ ಜಾಲ ಕಟ್ಟಿತು. ಅಲ್ಲಿ ಕಟ್ಟಿಸಿದ್ದು ಸರ್ಕಾರ, ಯಾವುದೋ ಒಂದು ಇಲಾಖೆಯಲ್ಲ. ನೋಡಿ, ಮತ್ತೆ ಅಪ್ಪಣೆಗೇ ಬಂದೆ.

2022ರ ಸೆಪ್ಟೆಂಬರ್ ನೆನಪಿರಬೇಕು, ಔಟರ್ ರಿಂಗ್ ರಸ್ತೆಯ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ್ದು. ಅಂಥ ನೀರಿಗೆ ದೋಣಿ ಇಳಿಸುವ ಮೊದಲು ಬೆಸ್ಕಾಂನವರು ಕರೆಂಟ್ ತೆಗೆಯಬೇಕು. ತೆಗೆದಾಯಿತು ಎಂಬ ಮಾತು ದೋಣಿಯಲ್ಲಿರುವವನ ಕಿವಿಗೆ ಯಾವ ದಾರಿಯಲ್ಲಿ ಹೋಗಬೇಕು? 112ಕ್ಕೆ ಫೋನ್ ಮಾಡುವ ನಮಗೆ ನಂಬರ್ ಒಂದೇ ಆಗಿದೆ, ದೊಡ್ಡ ಕೆಲಸವೇ. ಆ ಕರೆ ಕಂಟ್ರೋಲ್ ರೂಮ್ ದಾಟಿದ ಮೇಲಿನ ದಾರಿಯೂ ಬರೆದಿಟ್ಟಿರಬೇಕು. ಇಲಾಖೆಗಳಿಂದ ಬಂದವರು ಇಲ್ಲಿದ್ದೀರಿ. ಮುಂದಿನ ಮಾಕ್ ಡ್ರಿಲ್‌ನಲ್ಲಿ ಏಣಿ, ಸ್ಟ್ರೆಚರ್ ತೋರಿಸುವ ಮೊದಲು ಎಲ್ಲ ಇಲಾಖೆಯ ಸೆಟ್‌ಗಳನ್ನೂ ಒಂದು ಟಾಕ್‌ಗ್ರೂಪ್‌ಗೆ ತಂದು ಮಾತಾಡಿಸಿ. ಯಾರ ಸೆಟ್ ಬರಲಾರದೋ ಅದನ್ನು ಅಲ್ಲೇ ಬರೆದುಕೊಂಡು, ಅದಕ್ಕೆ ಗೇಟ್‌ವೇ, ಅಂದರೆ ಎರಡು ಜಾಲಗಳನ್ನು ಜೋಡಿಸುವ ಪೆಟ್ಟಿಗೆ, ಹಾಕಿಸಿ.

ಹೊರಗಿನವರಿಗೆ ಮಾತು ಅರ್ಥವಾಗದಂತೆ ಮಾಡುವ ಎನ್‌ಕ್ರಿಪ್ಷನ್ ಕೀ ಯಾರ ಕೈಲಿರಬೇಕು ಎಂಬ ಭಾಗ ಉಳಿದೇ ಹೋಯಿತು. ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ, ಹೇಳುತ್ತೇನೆ. ನಮಸ್ಕಾರ.